ಟೆಂಟ್ ಟ್ರೈಲರ್ ಕೊಳ್ಳುವ ಮುಂಚೆ ಇಷ್ಟು ನೋಡಿ

ಅಮೆರಿಕದಲ್ಲಿರುವ ನಮ್ಮವರ ಮನೆಗಳಲ್ಲಿ ಬೇಸಿಗೆ ರಜೆ ಹತ್ತಿರ ಬಂದಾಗ ಕ್ಯಾಂಪಿಂಗ್‌ಗೆ ಹೇಗೆ ಹೋಗೋದು ಎಂಬುದೇ ಚರ್ಚೆ. ಊರಿಂದ ಬಂದ ಅಪ್ಪ ಅಮ್ಮನಿಗೆ ನೆಲದ ಮೇಲೆ ಟೆಂಟ್‌ನಲ್ಲಿ ಮಲಗೋದು ಕಷ್ಟ. ಮನೆಯಂಥ ದೊಡ್ಡ ಗಾಡಿ, ಅಂದರೆ ಆರ್‌ವಿ, ಓಡಿಸೋಕೆ ಧೈರ್ಯ ಸಾಲದು. ಎರಡರ ನಡುವೆ ಇರುವುದೇ ಟೆಂಟ್ ಟ್ರೈಲರ್. ಮಡಚಿದಾಗ ಕಾರಿನ ಹಿಂದೆ ಬರುವ ತಗ್ಗು ಪೆಟ್ಟಿಗೆ. ಕ್ಯಾಂಪ್ ಸೇರಿದ ಮೇಲೆ ಹ್ಯಾಂಡಲ್ ತಿರುಗಿಸಿದರೆ ಚಾವಣಿ ಮೇಲೇಳುತ್ತದೆ. ಎರಡೂ ತುದಿಯಲ್ಲಿ ಮಂಚ ಹೊರಗೆಳೆದುಕೊಳ್ಳಬಹುದು. ಸುತ್ತ ಕ್ಯಾನ್ವಾಸ್ ಮತ್ತು ಸೊಳ್ಳೆ ಪರದೆ.

ಮೊದಲು ನಿಮ್ಮ ಕಾರು ನೋಡಿ. ಟೊಯೋಟಾ ಸಿಯೆನ್ನಾ, ಹೋಂಡಾ ಒಡಿಸ್ಸಿಯಂಥ ಮಿನಿವ್ಯಾನ್‌ಗಳು 3,500 ಪೌಂಡ್‌ವರೆಗೆ ಎಳೆಯಬಲ್ಲವು. ಸಣ್ಣ ಟ್ರೈಲರ್‌ಗೆ ಅದು ಸಾಕು. ಆದರೆ ಅಷ್ಟಕ್ಕೇ ಲೆಕ್ಕ ಮುಗಿಯಲಿಲ್ಲ. ಟ್ರೈಲರ್‌ನ ಒಟ್ಟು ತೂಕದ 10ರಿಂದ 15 ಶೇಕಡಾ ಟ್ರೈಲರ್ ಸಿಕ್ಕಿಸುವ ಹಿಚ್ ಎಂಬ ಕೊಂಡಿಯ ಮೇಲೆ, ಅಂದರೆ ಕಾರಿನ ಮೇಲೇ ಬೀಳುತ್ತದೆ. 2,000 ಪೌಂಡ್ ಟ್ರೈಲರ್ ಆದರೆ 200ರಿಂದ 300 ಪೌಂಡ್. ಡ್ರೈವರ್ ಬಾಗಿಲ ಪಕ್ಕದ ಸ್ಟಿಕರ್‌ನಲ್ಲಿ ಜನ ಮತ್ತು ಸಾಮಾನು ಸೇರಿ ಎಷ್ಟು ತೂಕ ಹೊರಬಹುದು ಅಂತ ಬರೆದಿರುತ್ತದೆ. ಆರು ಜನ, ಅಕ್ಕಿ ಚೀಲ, ಕುಕ್ಕರ್, ಜೊತೆಗೆ ಈ ಭಾರ. ಎಲ್ಲ ಕೂಡಿಸಿ ನೋಡಿ. ಕ್ಯಾಲಿಫೋರ್ನಿಯಾದಲ್ಲಿ ಟ್ರೈಲರ್ ಎಳೆಯುವಾಗ ಗಂಟೆಗೆ 55 ಮೈಲಿ ದಾಟುವಂತಿಲ್ಲ. 1,500 ಪೌಂಡ್ ಅಥವಾ ಹೆಚ್ಚಿನ ಕ್ಯಾಂಪ್ ಟ್ರೈಲರ್‌ಗೆ ಅದರದೇ ಬ್ರೇಕ್ ಬೇಕು.

ಆಮೇಲೆ ನಿಮ್ಮ ಪ್ರವಾಸದ ನಕ್ಷೆ ಹರಡಿ. ನನ್ನ ಪ್ರಕಾರ ಇಡೀ ನಿರ್ಧಾರ ನಿಂತಿರುವುದು ಇಲ್ಲೇ. ಒಂದೇ ಜಾಗದಲ್ಲಿ ಮೂರು ರಾತ್ರಿ ಇರುವವರಿಗೆ ಟೆಂಟ್ ಟ್ರೈಲರ್ ಸುಖ. ದಿನಕ್ಕೊಂದು ಊರು ಎನ್ನುವವರಿಗೆ ಸುಸ್ತು. ಯಾಕೆಂದರೆ ಪ್ರತಿ ಸಲ ಇಷ್ಟೂ ಕೆಲಸ ಮಾಡಬೇಕು: ಅಡ್ಡಕ್ಕೆ ಮಟ್ಟ ಮಾಡಿ, ಚಕ್ರಕ್ಕೆ ಅಡೆ ಕೊಟ್ಟು, ಕಾರಿನಿಂದ ಬಿಡಿಸಿ, ಮುಂದಿನ ಜ್ಯಾಕ್‌ನಿಂದ ಉದ್ದಕ್ಕೂ ಮಟ್ಟ ಮಾಡಿ, ನಾಲ್ಕು ಮೂಲೆಯ ಆಸರೆ ಇಳಿಸಿ, ಚಾವಣಿ ಎತ್ತಿ, ಮಂಚ ಎಳೆದು ಅದರಡಿ ಕಂಬಿ ಕೊಡಬೇಕು. ಕಂಬಿ ಕೊಡದೆ ಮಕ್ಕಳು ಮಂಚ ಹತ್ತಿದರೆ ಮಂಚ ಬಾಗುತ್ತದೆ, ಟ್ರೈಲರ್ ಓಲುತ್ತದೆ. ಬೆಳಿಗ್ಗೆ ಹೊರಡುವಾಗ ಇದೆಲ್ಲ ಉಲ್ಟಾ.

ಹೋಗುವ ಜಾಗದ ನಿಯಮವನ್ನೂ ಬುಕ್ ಮಾಡುವ ಮುಂಚೆ ಓದಿ. ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನದ ಫಿಶಿಂಗ್ ಬ್ರಿಡ್ಜ್ ಆರ್‌ವಿ ಪಾರ್ಕ್‌ಗೆ ಟೆಂಟ್ ಟ್ರೈಲರ್ ಬಿಡುವುದಿಲ್ಲ. ಅಲ್ಲಿ ಗ್ರಿಜ್ಲಿ ಕರಡಿಗಳ ಓಡಾಟ, ಗಟ್ಟಿ ಗೋಡೆಯ ಗಾಡಿಗಳಿಗೆ ಮಾತ್ರ ಜಾಗ. ಕೆನಡಾದ ಲೇಕ್ ಲೂಯಿಸ್‌ನಲ್ಲಿ ಬಟ್ಟೆ ಗೋಡೆಯವರಿಗೆ ವಿದ್ಯುತ್ ಬೇಲಿ ಹಾಕಿದ ಬೇರೆ ಕ್ಯಾಂಪೇ ಇದೆ. ಯೊಸೆಮಿಟಿ ರಾಷ್ಟ್ರೀಯ ಉದ್ಯಾನದಲ್ಲಿ ಕರಡಿಗಳ ಕಾರಣ ಟೆಂಟ್ ಟ್ರೈಲರ್ ಒಳಗೆ ಊಟದ ಸಾಮಾನು ಇಡುವಂತಿಲ್ಲ. ಪುಳಿಯೋಗರೆ ಗೊಜ್ಜು, ಉಪ್ಪಿನಕಾಯಿ, ಎಣ್ಣೆ ಬಾಟಲಿ, ಟೂತ್‌ಪೇಸ್ಟ್ ಕೂಡ ಕ್ಯಾಂಪ್‌ನ ಕಬ್ಬಿಣದ ಪೆಟ್ಟಿಗೆಗೆ ಹೋಗಬೇಕು. ಒಳಗೆ ಪುಟ್ಟ ಒಲೆ ಇದ್ದರೂ ಒಗ್ಗರಣೆ ಹೊರಗೇ ಹಾಕಿ. ಇಂಗು, ಬೆಳ್ಳುಳ್ಳಿ ವಾಸನೆ ಕ್ಯಾನ್ವಾಸ್‌ಗೆ ಹತ್ತಿದರೆ ಸುಲಭಕ್ಕೆ ಬಿಡಲ್ಲ. ಕರಡಿಯ ಮೂಗಂತೂ ನಮ್ಮದಕ್ಕಿಂತ ಎಷ್ಟೋ ಚುರುಕು.

ಹಿರಿಯರು ಜೊತೆಗಿದ್ದರೆ ಶೌಚಾಲಯದ ಬಗ್ಗೆ ಮೊದಲೇ ಯೋಚಿಸಿ. ಬಹಳಷ್ಟು ಟ್ರೈಲರ್‌ಗಳಲ್ಲಿ ಇರುವುದಿಲ್ಲ, ಇದ್ದರೂ ಚಿಕ್ಕ ಪೋರ್ಟಬಲ್ ಡಬ್ಬಿ. ಕ್ಯಾಂಪ್‌ನ ಶೌಚಾಲಯಕ್ಕೆ ರಾತ್ರಿ ನಡೆದು ಹೋಗುವಷ್ಟು ಹತ್ತಿರದ ಜಾಗ ಆರಿಸಿಕೊಳ್ಳಿ. ಹೀಟರ್ ಇದ್ದರೂ ಬಟ್ಟೆ ಗೋಡೆ ಚಳಿ ತಡೆಯುವುದು ಕಮ್ಮಿ. ಸದ್ದನ್ನೂ ಅಷ್ಟೇ. ಆದರೆ ಅದೇ ಬಟ್ಟೆಯಿಂದಾಗಿ ಮಲಗಿದಲ್ಲೇ ಹೊಳೆಯ ಸದ್ದು ಕೇಳುತ್ತದೆ, ಪರದೆಯಿಂದ ತಂಗಾಳಿ ಬರುತ್ತದೆ. ಅದಕ್ಕಾಗಿಯೇ ಅಲ್ವಾ ಕಾಡಿಗೆ ಹೋಗುವುದು!

ಇನ್ನು ಮಳೆ. ಟ್ರೈಲರ್‌ನ ನಿಜವಾದ ತಲೆನೋವು ಇದೇ. ಒದ್ದೆ ಕ್ಯಾನ್ವಾಸ್ ಮಡಚಿ ತಂದರೆ ಮನೆಗೆ ಬಂದ ಕೂಡಲೇ ಬಿಚ್ಚಿ ಪೂರ್ತಿ ಒಣಗಿಸಬೇಕು. ಒಂದೆರಡು ದಿನ ಸುಮ್ನೆ ಬಿಟ್ಟರೆ ಬೂಷ್ಟು ಹಿಡಿಯುತ್ತದೆ. ಅಪಾರ್ಟ್‌ಮೆಂಟ್‌ನಲ್ಲಿರುವವರು ಎಲ್ಲಿ ಬಿಚ್ಚುತ್ತಾರೆ? ಸ್ವಂತ ಮನೆಯಿದ್ದರೂ ಎಷ್ಟೋ ಬಡಾವಣೆಗಳ ಸಂಘಗಳು ಮನೆ ಮುಂದೆ ಟ್ರೈಲರ್ ನಿಲ್ಲಿಸಲು ಬಿಡುವುದಿಲ್ಲ. ಬಿಚ್ಚಿ ಹರಡಲು ಜಾಗ ಇಲ್ಲದವರು ಕೊಳ್ಳುವುದೇ ಬೇಡ, ಬಾಡಿಗೆ ಸಾಕು.

ಜಾಗ ಇರುವವರೂ ಮೊದಲು ಒಮ್ಮೆ ಬಾಡಿಗೆಗೆ ತಂದು, ಹತ್ತಿರದ ಕ್ಯಾಂಪ್‌ಗೆ ಹೋಗಿ ಬನ್ನಿ. ಖಾಲಿ ಪಾರ್ಕಿಂಗ್ ಜಾಗದಲ್ಲಿ ರಿವರ್ಸ್ ಅಭ್ಯಾಸ ಮಾಡಿ. ಸ್ಟೀರಿಂಗ್ ಎಡಕ್ಕೆ ತಿರುಗಿಸಿದರೆ ಟ್ರೈಲರ್ ಬಲಕ್ಕೆ ಹೋಗುತ್ತದೆ. ಆಮೇಲೆ ಹಳೆಯದನ್ನು ಕೊಳ್ಳುವ ಮನಸ್ಸಾದರೆ ಮಾರುವವರಿಗೆ ಪೂರ್ತಿ ಬಿಚ್ಚಿ ತೋರಿಸಲು ಹೇಳಿ. ಒಳಗೆ ಹೋಗಿ ಕ್ಯಾನ್ವಾಸ್‌ನ ಹೊಲಿಗೆ ಮೂಸಿ ನೋಡಿ. ಚಾವಣಿಯ ಮೂಲೆ, ಮಂಚದ ಹಲಗೆಯನ್ನು ಬೆರಳಲ್ಲಿ ಒತ್ತಿ. ಎಲ್ಲಾದರೂ ಮೆತ್ತಗೆ ಒಳಗೆ ಹೋಯಿತೋ, ನೀರು ಇಳಿದು ಮರ ಕೊಳೆತಿದೆ. ಎಷ್ಟೇ ಅಗ್ಗಕ್ಕೆ ಕೊಡುತ್ತೇನೆಂದರೂ ಬಿಟ್ಟು ಬನ್ನಿ.