ನಾರ್ವೇಜಿಯನ್ ಕಲಿಯುವವರಿಗೆ: ‘ಇದಕ್ಕಿಂತ ಅದು’ ಹೇಳಲು ಹೀಗೆ ಅಭ್ಯಾಸ ಮಾಡಿ

ಓಸ್ಲೊಗೋ ಸ್ಟವಾಂಗರ್‌ಗೋ ಕೆಲಸಕ್ಕೆ ಹೊರಟವರು ನಾರ್ವೇಜಿಯನ್ ಕಲಿಯಲು ಕೂತರೆ ಬೇಗನೆ ಹೋಲಿಕೆಯ ಪಾಠ ಎದುರಾಗುತ್ತದೆ. ಪುಸ್ತಕದಲ್ಲಿ ಒಂದು ಪಟ್ಟಿ ಇರುತ್ತದೆ, ಓದಿದರೆ ಸುಲಭ ಅನಿಸುತ್ತದೆ. ಮಾತಾಡಲು ಹೋದಾಗ ಮಾತ್ರ ವಾಕ್ಯ ಅರ್ಧಕ್ಕೇ ನಿಲ್ಲುತ್ತದೆ. ಕನ್ನಡದವರಿಗೆ ಇಲ್ಲಿ ನಿಜವಾಗಿ ಕಷ್ಟವಾಗುವುದು ಪದಗಳು ಬರುವ ಕ್ರಮ. ಪಟ್ಟಿ ಉರು ಹೊಡೆಯುವ ಮೊದಲು ಇದನ್ನು ಸರಿಮಾಡಿಕೊಳ್ಳಿ. ಇಲ್ಲಿ ಬರೆದಿರುವುದೆಲ್ಲ ‘ಬೂಕ್‌ಮೋಲ್’ ಎಂಬ ಬರವಣಿಗೆಯ ರೂಪ. ಕನ್ನಡ ಲಿಪಿಯಲ್ಲಿ ಉಚ್ಚಾರ ಹತ್ತಿರ ಹತ್ತಿರ ಬರುತ್ತದೆ ಅಷ್ಟೆ, ಕಿವಿಯಿಂದಲೂ ಕೇಳಿಸಿಕೊಳ್ಳಿ.

ಮೊದಲು ಕ್ರಮ

‘ಓಸ್ಲೊಗಿಂತ ಬರ್ಗನ್ ಚಿಕ್ಕದು’ ಎನ್ನುತ್ತೇವೆ. ಯಾವುದಕ್ಕೆ ಹೋಲಿಸುತ್ತೇವೋ ಅದು ನಮ್ಮಲ್ಲಿ ಮೊದಲೇ ಬಂದುಬಿಡುತ್ತದೆ. ನಾರ್ವೇಜಿಯನ್‌ನಲ್ಲಿ ಅದು ಕೊನೆಗೆ: ‘ಬರ್ಗನ್ ಆ್ಯರ್ ಮಿಂಡ್ರೆ ಎನ್ ಓಸ್ಲೊ’. ‘ಆ್ಯರ್’ ಅಂದರೆ ಇದೆ, ‘ಮಿಂಡ್ರೆ’ ಅಂದರೆ ಹೆಚ್ಚು ಚಿಕ್ಕದು. ನಮ್ಮ ‘ಗಿಂತ’ದ ಕೆಲಸವನ್ನು ಅಲ್ಲಿ ‘ಎನ್’ ಮಾಡುತ್ತದೆ. ಆದರೆ ಅದು ಹೆಸರಿನ ಬಾಲಕ್ಕೆ ಅಂಟುವುದಿಲ್ಲ, ಹೆಸರಿಗಿಂತ ಮೊದಲು ಬಿಡಿಯಾಗಿ ನಿಲ್ಲುತ್ತದೆ.

ಅಭ್ಯಾಸಕ್ಕೆ ಒಂದೇ ಗುಣಪದ ಹಿಡಿದುಕೊಳ್ಳಿ. ‘ಸ್ಟೊರ್ರೆ’ ಅಂದರೆ ಹೆಚ್ಚು ದೊಡ್ಡದು. ಮನೆಯಲ್ಲಿ ಕಣ್ಣಿಗೆ ಬಿದ್ದ ಎರಡೆರಡು ವಸ್ತುಗಳನ್ನು ತೆಗೆದುಕೊಂಡು ‘ಇದು ಆ್ಯರ್ ಸ್ಟೊರ್ರೆ ಎನ್ ಅದು’ ಎಂದು ಗಟ್ಟಿಯಾಗಿ ಹೇಳುತ್ತಾ ಹೋಗಿ. ವಸ್ತುವಿನ ಹೆಸರು ಕನ್ನಡದಲ್ಲೇ ಇರಲಿ, ಪರವಾಗಿಲ್ಲ. ನಾಲಿಗೆಗೆ ಮೊದಲು ಆ ಕ್ರಮ ಒಗ್ಗಬೇಕು.

ಆಮೇಲೆ ಪದದ ಕೊನೆ

ಕನ್ನಡದಲ್ಲಿ ಗುಣಪದ ಬದಲಾಗುವುದಿಲ್ಲ. ಬಿಸಿ ಬಿಸಿಯೇ, ‘ಹೆಚ್ಚು’, ‘ತುಂಬಾ’ ಸೇರಿಸಿದರೆ ಸಾಕು. ಅಲ್ಲಿ ಪದವೇ ಬೆಳೆಯುತ್ತದೆ: ‘ವಾರ್ಮ್, ವಾರ್ಮೆರೆ, ವಾರ್ಮೆಸ್ಟ್’. ಬಿಸಿ, ಹೆಚ್ಚು ಬಿಸಿ, ಎಲ್ಲಕ್ಕಿಂತ ಬಿಸಿ. ‘ಪ್ರಾಕ್ಟಿಸ್ಕ್’ ತರಹ ‘ಇಸ್ಕ್’ನಲ್ಲಿ ಮುಗಿಯುವ ಉದ್ದ ಪದಗಳು ಮತ್ತು ಇತರ ಹಲವು ಉದ್ದ ಪದಗಳು ಮಾತ್ರ ಬೆಳೆಯದೆ, ಮುಂದೆ ‘ಮೇರ್’, ‘ಮೆಸ್ಟ್’ ಇಟ್ಟುಕೊಳ್ಳುತ್ತವೆ.

ನಮ್ಮವರು ಜಾಸ್ತಿ ಜಾರುವುದು ಇಲ್ಲೇ. ‘ಹೆಚ್ಚು’ ಹೇಳುವ ರೂಢಿಯಿಂದ ‘ಮೇರ್ ವಾರ್ಮೆರೆ’ ಎಂದುಬಿಡುತ್ತಾರೆ. ಎರಡರಲ್ಲಿ ಒಂದು ಸಾಕು. ಒತ್ತು ಬೇಕಿದ್ದರೆ ‘ಮ್ಯೂಯೆ ವಾರ್ಮೆರೆ’ ಅನ್ನಿ, ತುಂಬಾ ಹೆಚ್ಚು ಬಿಸಿ ಎಂದಾಗುತ್ತದೆ. ಸ್ವಲ್ಪವೇ ಆದರೆ ‘ಲಿಟ್ಟ್ ವಾರ್ಮೆರೆ’.

ಒಂದು ಖುಷಿಯ ವಿಷಯವೂ ಇದೆ. ನಾರ್ವೇಜಿಯನ್‌ನಲ್ಲಿ ಸಾಮಾನ್ಯವಾಗಿ ಗುಣಪದ ಲಿಂಗ, ವಚನ ನೋಡಿಕೊಂಡು ರೂಪ ಬದಲಿಸುತ್ತದೆ. ಹೋಲಿಕೆಯ ರೂಪಕ್ಕೆ ಆ ಗೋಜಿಲ್ಲ. ದೊಡ್ಡ ಊರಾಗಲಿ, ದೊಡ್ಡ ಮನೆಯಾಗಲಿ, ಒಂದಿರಲಿ ಹತ್ತಿರಲಿ, ‘ಸ್ಟೊರ್ರೆ’ ಹಾಗೆಯೇ ಇರುತ್ತದೆ.

ನಿಯಮ ಮುರಿಯುವ ಪದಗಳು

ಇವು ಕೆಲವೇ ಇವೆ, ಆದರೆ ದಿನವಿಡೀ ಬೇಕಾಗುವುದು ಇವೇ. ಒಳ್ಳೆಯದಕ್ಕೆ ‘ಗೂ, ಬೇಡ್ರೆ, ಬೆಸ್ಟ್’. ದೊಡ್ಡದಕ್ಕೆ ‘ಸ್ಟೂರ್, ಸ್ಟೊರ್ರೆ, ಸ್ಟೊರ್ಸ್ಟ್’. ಚಿಕ್ಕದಕ್ಕೆ ‘ಲೀಟೆನ್, ಮಿಂಡ್ರೆ, ಮಿನ್ಸ್ಟ್’. ಉದ್ದಕ್ಕೆ ‘ಲಾಂಗ್, ಲೆಂಗ್ರೆ, ಲೆಂಗ್ಸ್ಟ್’. ವಯಸ್ಸಾದದ್ದಕ್ಕೆ ‘ಗಮ್ಮೆಲ್, ಎಲ್ಡ್ರೆ, ಎಲ್ಸ್ಟ್’, ಎಳೆಯದಕ್ಕೆ ‘ಉಂಗ್, ಯುಂಗ್ರೆ, ಯುಂಗ್ಸ್ಟ್’.

ಕೊನೆಯ ಎರಡನ್ನು ಕಲಿಯಲು ನಿಮ್ಮ ಮನೆಯವರೇ ಸಾಕು. ನಮಗೆ ಅಕ್ಕ, ತಂಗಿ, ಅಣ್ಣ, ತಮ್ಮ ಎಂದು ಬೇರೆ ಬೇರೆ ಹೆಸರಿವೆ. ನಾರ್ವೇಜಿಯನ್‌ನಲ್ಲಿ ಅಕ್ಕನೂ ‘ಸೊಸ್ಟರ್’, ತಂಗಿಯೂ ‘ಸೊಸ್ಟರ್’. ಹಾಗಾಗಿ ಮನೆಯವರ ಬಗ್ಗೆ ಹೇಳುವಾಗ ಹೋಲಿಕೆಯ ಪದ ತಾನಾಗಿಯೇ ಬೇಕಾಗುತ್ತದೆ: ಅಕ್ಕ ‘ಎಲ್ಡ್ರೆ ಸೊಸ್ಟರ್’, ತಮ್ಮ ‘ಯುಂಗ್ರೆ ಬ್ರೂರ್’. ಚಿಕ್ಕಪ್ಪ, ದೊಡ್ಡಪ್ಪನ ಮಕ್ಕಳನ್ನೂ ಸೇರಿಸಿಕೊಂಡು ಯಾರಿಗಿಂತ ಯಾರು ದೊಡ್ಡವರು, ಯಾರು ಚಿಕ್ಕವರು ಎಂದು ಹೇಳುತ್ತಾ ಹೋದರೆ ಒಂದು ಸಂಜೆಗೆ ಸಾಕಾಗುವಷ್ಟು ವಾಕ್ಯ ಸಿಗುತ್ತವೆ. ನನಗೆ ಇದಕ್ಕಿಂತ ಒಳ್ಳೆಯ ಅಭ್ಯಾಸ ಕಂಡಿಲ್ಲ.

ದಿನಾ ಹವಾಮಾನ ನೋಡಿ

ನಾರ್ವೆಯ ಹವಾಮಾನ ಸಂಸ್ಥೆ ಮತ್ತು ಅಲ್ಲಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಆರ್‌ಕೆ ಸೇರಿ 2007ರಲ್ಲಿ ‘ಯೂರ್’ ಎಂಬ ಸೇವೆ ಶುರುಮಾಡಿದವು. ವೈ, ಆರ್ ಎರಡೇ ಅಕ್ಷರದ ಹೆಸರು. ಆ್ಯಪ್ ಉಚಿತ. ಭಾಷೆಯನ್ನು ನಾರ್ವೇಜಿಯನ್‌ಗೆ ಬದಲಿಸಿ, ನಿಮ್ಮ ಊರನ್ನೂ ಉತ್ತರ ನಾರ್ವೆಯ ಟ್ರೊಮ್ಸೊ ಊರನ್ನೂ ಹಾಕಿಕೊಳ್ಳಿ. ಬೆಳಿಗ್ಗೆ ಕಾಫಿ ಕುಡಿಯುವಾಗ ಎರಡು ವಾಕ್ಯ ಹೇಳಿ. ‘ಡೆ ಆ್ಯರ್ ವಾರ್ಮೆರೆ ಇ ಡಾಗ್ ಎನ್ ಇ ಗೋರ್’, ನಿನ್ನೆಗಿಂತ ಇವತ್ತು ಸೆಕೆ ಜಾಸ್ತಿ. ‘ಡೆ ಆ್ಯರ್ ಕಾಲ್ಡೆರೆ ಇ ಟ್ರೊಮ್ಸೊ ಎನ್ ಇ ಬೆಂಗಳೂರು’, ಬೆಂಗಳೂರಿಗಿಂತ ಟ್ರೊಮ್ಸೊದಲ್ಲಿ ಚಳಿ ಜಾಸ್ತಿ. ಎರಡನೆಯದರಲ್ಲಿ ‘ಇ’ ಎರಡು ಸಲ ಬಂದಿದೆ ನೋಡಿ. ಅದು ನಮ್ಮ ‘ಅಲ್ಲಿ’. ಎರಡನೇ ಊರಿನ ಮುಂದೆ ಅದನ್ನು ಬಿಡಬೇಡಿ.

ಸಮ, ಅಥವಾ ಅಷ್ಟಿಲ್ಲ

ಎರಡೂ ಒಂದೇ ಆದರೆ ‘ಎನ್’ ಬರುವುದಿಲ್ಲ, ‘ಸೊಮ್’ ಬರುತ್ತದೆ. ಓಸ್ಲೊದಲ್ಲಿ ಬಸ್ಸಿಗೂ ಟ್ರಾಮಿಗೂ ಒಂದೇ ಟಿಕೆಟ್. ಹಾಗಾಗಿ ‘ಬುಸ್ಸೆನ್ ಆ್ಯರ್ ಲೀಕೆ ಡ್ಯೂರ್ ಸೊಮ್ ಟ್ರಿಕ್ಕೆನ್’, ಬಸ್ಸೂ ಟ್ರಾಮಿನಷ್ಟೇ ದುಬಾರಿ. ಅಷ್ಟಿಲ್ಲ ಎನ್ನಲು ‘ಇಕ್ಕೆ ಸೋ... ಸೊಮ್’: ‘ಬುಸ್ಸೆನ್ ಆ್ಯರ್ ಇಕ್ಕೆ ಸೋ ರಾಸ್ಕ್ ಸೊಮ್ ಟೋಗೆ’, ಬಸ್ಸು ರೈಲಿನಷ್ಟು ವೇಗವಿಲ್ಲ. ಇಲ್ಲಿ ಗುಣಪದ ಬೆಳೆಯುವುದಿಲ್ಲ, ಇದ್ದ ಹಾಗೇ ಇರುತ್ತದೆ.

ನಾರ್ವೆಯ ನಕ್ಷೆ ತೆರೆದುಕೊಳ್ಳಿ

‘ಎಲ್ಲಕ್ಕಿಂತ’ ಎನ್ನುವುದಕ್ಕೆ ನಕ್ಷೆ ಒಳ್ಳೆಯದು. ಗಾಲ್‌ಹೊಪಿಗ್ಗನ್ ದೇಶದ ಅತಿ ಎತ್ತರದ ಬೆಟ್ಟ, 2,469 ಮೀಟರ್: ‘ಗಾಲ್‌ಹೊಪಿಗ್ಗನ್ ಆ್ಯರ್ ಡೆ ಹೊಯೆಸ್ಟೆ ಫ್ಯೆಲ್ಲೆ ಇ ನೋರ್ಗೆ’. ಫ್ಯೋರ್ಡ್ ಅಂದರೆ ಬೆಟ್ಟಗಳ ನಡುವೆ ಒಳನುಗ್ಗಿದ ಸಮುದ್ರದ ಕವಲು. ಸೊಗ್ನೆಫ್ಯೋರ್ಡ್ 200 ಕಿ.ಮೀ.ಗಿಂತ ಉದ್ದ, ಹಾರ್ಡಾಂಗರ್‌ಫ್ಯೋರ್ಡ್ ಸುಮಾರು 180. ಮ್ಯೋಸಾ ದೇಶದ ಅತಿ ದೊಡ್ಡ ಸರೋವರ, ಆದರೆ 514 ಮೀಟರ್ ಆಳದ ಹೊರ್ನಿಂಡಾಲ್ಸ್‌ವಾಟ್ನೆ ಅದಕ್ಕಿಂತ ‘ಡ್ಯೂಪೆರೆ’, ಅಂದರೆ ಹೆಚ್ಚು ಆಳ. ಒಂದೊಂದು ಜೋಡಿಗೂ ಎರಡು ಕಡೆಯಿಂದ ವಾಕ್ಯ ಮಾಡಿ. ಇದು ಅದಕ್ಕಿಂತ ದೊಡ್ಡದು, ಅದು ಇದಕ್ಕಿಂತ ಚಿಕ್ಕದು.

‘ಅಷ್ಟೂ’ ಹೇಳುವ ಬಗೆ

ಇದನ್ನು ಗಾದೆಯಿಂದಲೇ ಕಲಿಯಿರಿ: ‘ಯೂ ಫ್ಲೇರೆ ಕೊಕ್ಕೆರ್, ಯೂ ಮೇರ್ ಸೋಲ್’. ಅಡುಗೆಯವರು ಹೆಚ್ಚಿದಷ್ಟೂ ಚೆಲ್ಲುವುದು ಹೆಚ್ಚು. ಎರಡು ಕಡೆಯೂ ‘ಯೂ’. ಎಣಿಸುವಂಥದ್ದಕ್ಕೆ ‘ಫ್ಲೇರೆ’, ಎಣಿಸಲಾಗದ್ದಕ್ಕೆ ‘ಮೇರ್’ ಎಂಬ ವ್ಯತ್ಯಾಸವೂ ಇದೇ ಗಾದೆಯಲ್ಲಿದೆ. ಹಾಗಾಗಿ ಬಾಯಿಪಾಠ ಮಾಡಲು ಇದು ನನಗೆ ತುಂಬಾ ಇಷ್ಟ.

ಪಶ್ಚಿಮದ ಫ್ಯೋರ್ಡ್ ಸೀಮೆಯ ಫಲಕ, ಪತ್ರಿಕೆಗಳಲ್ಲಿ ‘ಹೊಯೆರೆ’ ಬದಲು ‘ಹೋಗಾರೆ’, ‘ಹೊಯೆಸ್ಟ್’ ಬದಲು ‘ಹೋಗಾಸ್ಟ್’ ಕಂಡರೆ ಗಾಬರಿ ಬೇಡ. ಅದು ‘ನ್ಯೂನೊರ್ಸ್ಕ್’, ನಾರ್ವೇಜಿಯನ್‌ನ ಇನ್ನೊಂದು ಬರವಣಿಗೆಯ ರೂಪ. ಸದ್ಯಕ್ಕೆ ಓದುವಾಗ ಗುರುತು ಹಿಡಿದರೆ ಸಾಕು. ಬರೆಯುವಾಗ ಮಾತ್ರ ಎರಡನ್ನೂ ಬೆರೆಸದೆ ಒಂದನ್ನೇ ಹಿಡಿದುಕೊಳ್ಳಿ.