ಹೊಸಬರಿಗೆ ಮಾರ್ಗದರ್ಶಿ: ಕಾಸರಗೋಡಿನಲ್ಲಿ ಮಕ್ಕಳ ಬೇಸಿಗೆ ವಿಜ್ಞಾನ ಶಿಬಿರ

ಇಲ್ಲಿ ಶಾಲೆಗಳಿಗೆ ಏಪ್ರಿಲ್, ಮೇ ಪೂರ್ತಿ ರಜೆ. ಕರ್ನಾಟಕದ ಅಭ್ಯಾಸದಂತೆ ಏಪ್ರಿಲ್ ಹತ್ತು ಕಳೆಯಲಿ ಎಂದು ಕುಳಿತರೆ ಒಳ್ಳೆಯ ಶಿಬಿರಗಳಲ್ಲಿ ಜಾಗ ಉಳಿದಿರುವುದಿಲ್ಲ. ಪರೀಕ್ಷೆ ನಡೆಯುತ್ತಿರುವಾಗಲೇ, ಮಾರ್ಚ್‌ನಲ್ಲಿ ಹೆಸರು ಕೊಡಿ. ಊರಿಗೆ ಹೋಗಿಬರುವುದನ್ನು ವಿಷುವಿನ ರಜೆಗೇ ಹೊಂದಿಸಿಕೊಳ್ಳಿ. ನಡುವೆ ಎರಡು ದಿನ ತಪ್ಪಿಸಿದ ಮಗುವಿಗೆ ಮೂರನೆಯ ದಿನ ತಲೆಬುಡ ತಿಳಿಯುವುದಿಲ್ಲ.

ಸೇರಿಸುವ ಮೊದಲು

ಫೀಸಿಗಿಂತ ಮೊದಲು ಕೇಳಬೇಕಾದದ್ದು: ಒಂದು ಸೆಟ್ ಸಾಮಾನು ಎಷ್ಟು ಮಕ್ಕಳಿಗೆ? ಇಬ್ಬರಿಗಾದರೆ ಸರಿ. ಐವರಿಗೆ ಒಂದಾದರೆ ಚುರುಕಿನ ಒಬ್ಬ ಮಾಡುತ್ತಾನೆ, ಉಳಿದವರು ನೋಡುತ್ತಾರೆ. ಕೆಟ್ಟದ್ದನ್ನು ಬಿಚ್ಚಿ ಮತ್ತೆ ಕಟ್ಟಲು ಸಮಯ ಕೊಡುತ್ತಾರೆಯೇ ಎಂದೂ ಕೇಳಿ. ವಿಡಿಯೋ ತೋರಿಸಿ ಸರ್ಟಿಫಿಕೇಟ್ ಹಂಚುವುದಕ್ಕೂ ಈಗ ಶಿಬಿರ ಎಂದೇ ಹೆಸರು.

ಭಾಷೆ

ಪೇಟೆಯ ಶಿಬಿರಗಳಲ್ಲಿ ಹೆಚ್ಚಾಗಿ ಮಲಯಾಳ. ಮಂಜೇಶ್ವರ, ಕುಂಬಳೆ, ಬದಿಯಡ್ಕದ ಕಡೆ ಕನ್ನಡದಲ್ಲಿ ಹೇಳಿಕೊಡುವ ಮಾಸ್ತರರು, ಟೀಚರುಗಳು ಸಿಗುತ್ತಾರೆ. 1956ರಲ್ಲಿ ಈ ನೆಲ ಕೇರಳಕ್ಕೆ ಸೇರಿದ ಮೇಲೂ ಇಲ್ಲಿ ವಿಜ್ಞಾನದ ಪಾಠ ಕನ್ನಡದಲ್ಲಿ ನಡೆಯುತ್ತಲೇ ಇದೆ, ಇದು ಬೆಂಗಳೂರಿನಿಂದ ಬಂದವರಿಗೂ ಗೊತ್ತಿರಲಿ. ಹಾಗೆಂದು ಮಲಯಾಳ ಬಾರದೆಂಬ ನೆಪದಲ್ಲಿ ಮಗುವನ್ನು ಮನೆಯಲ್ಲಿ ಕೂರಿಸಬೇಡಿ. ಕೈಕೆಲಸವನ್ನು ಮಕ್ಕಳು ನೋಡಿಯೇ ಹಿಡಿಯುತ್ತಾರೆ. ಆದರೆ ಗ್ಲೂ ಗನ್, ಕಟರ್ ಬಳಸುವಾಗಿನ ಎಚ್ಚರಿಕೆ ಮಾತ್ರ ಅರ್ಥವಾಗಲೇಬೇಕು. ಮೊದಲ ದಿನವೇ ಹೇಳಿ, ಕನ್ನಡ ಬಲ್ಲ ಮಗುವಿನ ಪಕ್ಕ ಕೂರಿಸಿ.

ಬ್ಯಾಟರಿ, ಬಲ್ಬು, ಮೋಟರ್

ಮಕ್ಕಳು ಅಳುತ್ತಾ ಮನೆಗೆ ಬರುವುದು ಹೆಚ್ಚಾಗಿ ಈ ದಿನವೇ, ಆದ್ದರಿಂದ ಸ್ವಲ್ಪ ಉದ್ದವಾಗಿ ಹೇಳುತ್ತೇವೆ.

ಎಲ್‌ಇಡಿಯನ್ನು 9 ವೋಲ್ಟ್ ಬ್ಯಾಟರಿಗೆ ನೇರವಾಗಿ ಹಚ್ಚಿದರೆ ಸುಟ್ಟುಹೋಗುತ್ತದೆ. ಕೆಂಪು ಎಲ್‌ಇಡಿಗೆ ಬೇಕಾದದ್ದು ಸುಮಾರು 2 ವೋಲ್ಟ್. ಸಾಲಿನಲ್ಲಿ 470 ಓಮ್ ರೆಸಿಸ್ಟರ್ (ಕರೆಂಟನ್ನು ತಗ್ಗಿಸುವ ಚಿಕ್ಕ ಬಿಡಿಭಾಗ) ಇಟ್ಟರೆ ಉಳಿದ 7 ವೋಲ್ಟ್ ಅದರ ಪಾಲಿಗೆ ಹೋಗಿ ಸುಮಾರು 15 ಮಿಲಿಆಂಪಿಯರ್ ಹರಿಯುತ್ತದೆ. ಉದ್ದ ಕಾಲು ಪ್ಲಸ್ಸಿಗೆ, ತಿರುಗಿಸಿದರೆ ಉರಿಯದು. 3 ವೋಲ್ಟಿನ ಆಟಿಕೆ ಮೋಟರಿಗೂ ಆ 9 ವೋಲ್ಟಿನ ಚೌಕ ಬ್ಯಾಟರಿ ಹೊಂದುವುದಿಲ್ಲ: ವೋಲ್ಟೇಜ್ ಜಾಸ್ತಿ, ಮೋಟರ್ ಎಳೆಯುವಷ್ಟು ಕರೆಂಟ್ ಹೆಚ್ಚು ಹೊತ್ತು ಕೊಡುವ ತ್ರಾಣವಿಲ್ಲ. 1.5 ವೋಲ್ಟಿನ ಎರಡು ಪೆನ್ಸಿಲ್ ಸೆಲ್ ಸಾಲಾಗಿ ಹಾಕಿ.

ಎಲ್ಲ ಸರಿಯಿದ್ದೂ ಮಗು ಕಟ್ಟಿದ ಮೋಟರ್ ಗಾಡಿ ಓಡದಿದ್ದರೆ ಸೆಲ್ ಹೋಲ್ಡರಿನ ಸ್ಪ್ರಿಂಗ್ ನೋಡಿ. ಕಡಲ ಗಾಳಿಗೆ ತುಕ್ಕು ಹಿಡಿದಿರುತ್ತದೆ. ಸ್ಯಾಂಡ್ ಪೇಪರಿನಲ್ಲಿ ಉಜ್ಜಿದರೆ ಸಾಕು. ವಯರನ್ನು ಒಂದು ಸೆಂಟಿಮೀಟರ್ ಸುಲಿದು ಬಿಗಿಯಾಗಿ ತಿರುಚಿ ಇನ್ಸುಲೇಶನ್ ಟೇಪ್ ಸುತ್ತಬೇಕು. ಸೆಲ್ಲೋಟೇಪ್ ಇಲ್ಲಿನ ಬೆವರಿಗೆ ನಿಲ್ಲುವುದಿಲ್ಲ. ವಯರ್ ಬಿಸಿಯಾದರೆ ಶಾರ್ಟ್ ಆಗಿದೆ ಎಂದರ್ಥ, ಮೊದಲು ಸೆಲ್ ತೆಗೆಯಿರಿ.

ನೀರಿನ ರಾಕೆಟ್

ಬಾಟಲಿಗೆ ಸ್ವಲ್ಪ ನೀರು ಹಾಕಿ, ಪಂಪಿನಿಂದ ಗಾಳಿ ತುಂಬಿ ಹಾರಿಸುವ ರಾಕೆಟ್ ಇದು. ಗ್ಯಾಸ್ ತುಂಬಿದ ತಂಪುಪಾನೀಯದ ಬಾಟಲಿಯೇ ಬೇಕು. ಕುಡಿಯುವ ನೀರಿನ ತೆಳು ಬಾಟಲಿ ಒತ್ತಡಕ್ಕೆ ಒಡೆಯಬಹುದು. ಮೂರನೇ ಒಂದು ಭಾಗ ನೀರು. ಹೆಚ್ಚಾದರೆ ಭಾರ, ಗಾಳಿಗೆ ಜಾಗವೂ ಕಡಿಮೆ. ತೀರಾ ಕಡಿಮೆಯಾದರೆ ತಳ್ಳಲು ನೀರೇ ಇಲ್ಲ. ಒತ್ತಡ ತೋರಿಸುವ ಗೇಜ್ ಇರುವ ಸೈಕಲ್ ಪಂಪ್ ಬಳಸುವ ಶಿಬಿರವನ್ನೇ ನಂಬಿ. ಮಡಿಕೆ ಬಿದ್ದ ಬಾಟಲಿ ಬೇಡ. ಇದೆಲ್ಲ ಬೆಳಿಗ್ಗೆ 11ರೊಳಗೆ ಮುಗಿಯಬೇಕು. ಆಮೇಲೆ ಸುಡು ಬಿಸಿಲು, ಮೇ ತಿಂಗಳಲ್ಲಿ ಮಧ್ಯಾಹ್ನ ಕಳೆದರೆ ಗುಡುಗು ಮಿಂಚು.

ನೆರಳಿಲ್ಲದ ದಿನ

ಏಪ್ರಿಲ್ 23ರ ಆಸುಪಾಸು, ಮಧ್ಯಾಹ್ನ ಸುಮಾರು 12:28ಕ್ಕೆ ಕಾಸರಗೋಡಿನಲ್ಲಿ ಸೂರ್ಯ ನೆತ್ತಿಯ ಮೇಲೆಯೇ ಇರುತ್ತಾನೆ. ನೆಟ್ಟಗೆ ನಿಲ್ಲಿಸಿದ ಪೈಪಿಗೆ ನೆರಳಿಲ್ಲ. ಶಿಬಿರದಲ್ಲಿ ಇದನ್ನು ಮಾಡಿಸದಿದ್ದರೆ ಮನೆಯಂಗಳದಲ್ಲಿ ಮಾಡಿ, ಖರ್ಚಿಲ್ಲ. ಸೂರ್ಯನನ್ನು ನೇರವಾಗಿ ನೋಡಕೂಡದು.

ಚೀಲದಲ್ಲಿ

ನೀರು ಒಂದೂವರೆ ಲೀಟರ್
ಬುತ್ತಿ (ಮೊಸರನ್ನ ಬೇಡ, ಹುಳಿಯುತ್ತದೆ)
ಟೋಪಿ, ಕೊಡೆ
ಹಳೆಯ ಹತ್ತಿ ಅಂಗಿ, ಮುಚ್ಚಿದ ಚಪ್ಪಲಿ
ಹೆಸರು ಬರೆದ ಕತ್ತರಿ, ಸ್ಕೇಲು

ತಂದೆತಾಯಂದಿರಿಗೆ

ಪ್ರದರ್ಶನದ ಹಿಂದಿನ ರಾತ್ರಿ ಮಾಡೆಲನ್ನು ನೀವೇ ಕುಳಿತು ಚಂದಗೊಳಿಸಬೇಡಿ. ವಾರೆಯಾದ ಗಾಡಿಯೇ ಬರಲಿ. ಅದು ಏಕೆ ಎಡಕ್ಕೆ ಎಳೆಯುತ್ತದೆ ಎಂದು ಮಗು ಹೇಳಬಲ್ಲದು. ನೀವು ಮಾಡಿಕೊಟ್ಟ ಗಾಡಿಯ ಬಗ್ಗೆ ಏನೂ ಹೇಳಲಾರದು.

ಮಂಗಳೂರಿನ ಪಿಲಿಕುಳ ಪ್ರಾದೇಶಿಕ ವಿಜ್ಞಾನ ಕೇಂದ್ರವನ್ನೂ ಅಲ್ಲಿನ ತಾರಾಲಯವನ್ನೂ ಮಕ್ಕಳಿಗೆ ಒಮ್ಮೆ ತೋರಿಸಿ. ಕಾಸರಗೋಡಿನಿಂದ ದಿನಾ ಹೋಗಿಬರುವ ಶಿಬಿರಕ್ಕೆ ಅದು ದೂರ. ಒಂದು ದಿನದ ಮಟ್ಟಿಗೆ ಬೆಳಗಿನ ರೈಲಿನಲ್ಲಿ ಮಂಗಳೂರು ಸೆಂಟ್ರಲ್‌ಗೆ ಹೋಗಿ, ಅಲ್ಲಿಂದ ಬಸ್ಸು ಹಿಡಿಯಿರಿ.