ಗೇರ್‌ಬಾಕ್ಸಿನೊಳಗಿನ ಪುಟ್ಟ ಗುಂಡು ಮಾಡುವ ಕೆಲಸ

ಆಟೊಮ್ಯಾಟಿಕ್ ಕಾರಿನಲ್ಲಿ ಗೇರ್ ಹಾಕುವುದು ಆಯಿಲ್. ಪಂಪು ತಳ್ಳಿದ ಆಯಿಲ್ ಪಿಸ್ಟನ್ ಒತ್ತುತ್ತದೆ, ಪಿಸ್ಟನ್ ಕ್ಲಚ್ಚನ್ನು ಬಿಗಿಯುತ್ತದೆ. ಯಾವ ಕ್ಲಚ್ಚಿಗೆ ಯಾವಾಗ ಆಯಿಲ್ ಹೋಗಬೇಕು ಎಂದು ದಾರಿ ಹಂಚುವುದು ವಾಲ್ವ್ ಬಾಡಿ. ಅದರ ತುಂಬ ಸುತ್ತಿ ಬಳಸಿ ಹೋಗುವ ಸಣ್ಣ ಕಾಲುವೆಗಳು. ಕಾಲುವೆಗಳನ್ನು ಮುಚ್ಚುವ ಉಕ್ಕಿನ ತಗಡಿನಲ್ಲಿ ತೂತುಗಳು. ಚೆಕ್‌ಬಾಲ್ ಎಂಬ ಪುಟ್ಟ ಗುಂಡು ಇರುವುದು ಇಲ್ಲೇ, ತೂತಿನ ಎದುರಿನ ಗುಳಿಯಲ್ಲಿ. ಹಲವು ಗೇರ್‌ಬಾಕ್ಸ್‌ಗಳಲ್ಲಿ ಇದರ ಅಡ್ಡಗಲ 6.35 ಮಿ.ಮೀ., ಸೈಕಲ್ಲಿನ ಹಿಂದಿನ ಚಕ್ರದ ಬೇರಿಂಗ್ ಗುಂಡಿನಷ್ಟೇ.

ಈಗ ಅಕ್ಕಪಕ್ಕ ಎರಡು ತೂತು ಕಲ್ಪಿಸಿಕೊಳ್ಳಿ. ಒಂದು ದೊಡ್ಡದು, ಒಂದು ಚಿಕ್ಕದು. ಆಯಿಲ್ ಕ್ಲಚ್ ಕಡೆ ನುಗ್ಗುವಾಗ ಗುಂಡನ್ನೂ ತಳ್ಳಿಕೊಂಡು ಹೋಗಿ ದೊಡ್ಡ ತೂತಿನ ಮೇಲೆ ಕೂರಿಸುತ್ತದೆ. ಆಯಿಲ್‌ಗೆ ಉಳಿಯುವುದು ಚಿಕ್ಕ ತೂತು ಮಾತ್ರ. ಹಾಗಾಗಿ ಕ್ಲಚ್ ನಿಧಾನವಾಗಿ ಹಿಡಿಯುತ್ತದೆ, ಕಾರು ಜರ್ಕ್ ಹೊಡೆಯುವುದಿಲ್ಲ. ಬಿಡುವಾಗ ಆಯಿಲ್ ವಾಪಸ್ ಬರುತ್ತದೆ, ಗುಂಡು ಎದ್ದು ಪಕ್ಕಕ್ಕೆ ಸರಿಯುತ್ತದೆ, ಎರಡೂ ತೂತಿನಿಂದ ಆಯಿಲ್ ಸರ್ರನೆ ಖಾಲಿ. ಬೇಗ ಬಿಡಲೇಬೇಕು. ಇಲ್ಲದಿದ್ದರೆ ಹಳೇ ಗೇರು, ಹೊಸ ಗೇರು ಎರಡೂ ಒಟ್ಟಿಗೆ ಹಿಡಿದುಕೊಳ್ಳುತ್ತವೆ. ಸ್ಪ್ರಿಂಗ್ ಇಲ್ಲ, ವೈರ್ ಇಲ್ಲ. ಆಯಿಲಿನ ದಿಕ್ಕೇ ಸಾಕು. ಎಷ್ಟು ಚೆಂದದ ಉಪಾಯ ಅಲ್ವಾ!

ಕೆಲವು ಗುಂಡುಗಳದು ಬೇರೆ ಕೆಲಸ. ಒಂದೇ ಕ್ಲಚ್ಚಿಗೆ ಎರಡು ದಾರಿಯಿಂದ ಆಯಿಲ್ ಬರುವಂತಿದ್ದರೆ, ಒತ್ತಡವಿಲ್ಲದ ದಾರಿಗೆ ಸರಿದು ಅದನ್ನು ಮುಚ್ಚುತ್ತವೆ.

ಗುಂಡು ಹಾಕುವುದು ಮರೆತರೆ? ದೊಡ್ಡ ತೂತು ಸದಾ ತೆರೆದೇ ಇರುತ್ತದೆ, ಗೇರ್ ಧಡ್ಡನೆ ಬೀಳುತ್ತದೆ. ಅದಕ್ಕೇ ವಾಲ್ವ್ ಬಾಡಿ ಬಿಚ್ಚುವಾಗ ಆತುರ ಬೇಡ. ತಗಡು ಎತ್ತಿದ ಕೂಡಲೇ ಫೋಟೊ ತೆಗೆಯಿರಿ, ಗುಂಡುಗಳನ್ನು ಎಣಿಸಿ. ಗುಳಿ ಕಂಡಲ್ಲೆಲ್ಲ ಸುಮ್ನೆ ಗುಂಡು ಹಾಕಬೇಡಿ. ಕೆಲವು ಖಾಲಿ ಇರಬೇಕಾದವೇ, ಆ ಮಾದರಿಯ ಸರ್ವಿಸ್ ಕೈಪಿಡಿಯ ಚಿತ್ರ ನೋಡಿ. ಜೋಡಿಸುವಾಗ ಉರುಳದಂತೆ ಚೂರು ಪೆಟ್ರೋಲಿಯಂ ಜೆಲ್ಲಿ ಹಚ್ಚಿ, ಬಿಸಿಯಾದಾಗ ಅದು ಆಯಿಲಿನಲ್ಲಿ ಕರಗುತ್ತದೆ. ಬೇರಿಂಗ್ ಗ್ರೀಸ್ ಬೇಡ.

ತಗಡನ್ನೂ ಬೆಳಕಿಗೆ ಹಿಡಿದು ನೋಡಿ. ಉಕ್ಕಿನ ಗುಂಡು ಬಡಿದೂ ಬಡಿದೂ ತೂತಿನ ಅಂಚಿನಲ್ಲಿ ಹೊಳೆಯುವ ಉಂಗುರ ಮೂಡಿರುತ್ತದೆ. ಆ ತೂತಿನ ಮೇಲೆ ಗುಂಡು ಇಟ್ಟು ಕೆಳಗಿಂದ ಟಾರ್ಚ್ ಬಿಡಿ. ಸುತ್ತ ಬೆಳಕು ಇಣುಕಿದರೆ ಆಯಿಲ್ ಕೂಡ ಅಲ್ಲೇ ನುಸುಳುತ್ತದೆ. ತಗಡು ಬದಲಾಯಿಸಿ.